ಡೈರಿ ಯಾರದು? ಹಾಲು ಹಾಕುವವರದು

ಕೆಂಗೇರಿಯಿಂದಾಚೆ ನಮ್ಮ ಕಡೆ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ‘ಡೈರಿ’ ಅಂತಲೇ ಅನ್ನೋದು. ಬೆಳಿಗ್ಗೆ, ಸಂಜೆ ಹೋಗಿ ಹಾಲು ಹಾಕಿ ಬರುತ್ತೇವೆ. ಆದರೆ ಅದು ನಮ್ಮದೇ ಷೇರು ಹಣದ ಸಂಘ ಅನ್ನೋದು ಬಹಳ ಮಂದಿಗೆ ಮರೆತೇ ಹೋಗಿದೆ.

ಮೂರು ಮೆಟ್ಟಿಲು

ಗುಜರಾತಿನ ಖೇಡಾ ಜಿಲ್ಲೆಯ ಹೈನುಗಾರರು 1946ರಲ್ಲಿ ಮಧ್ಯವರ್ತಿಗಳನ್ನು ಬದಿಗಿಟ್ಟು ಸಂಘ ಕಟ್ಟಿದರು. ಅದೇ ಮಾದರಿ ನಮ್ಮದೂ. ಊರಿಗೆ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ಬೆಂಗಳೂರು ಹಾಲು ಒಕ್ಕೂಟ ಶುರುವಾದದ್ದು 1975ರಲ್ಲಿ, ಕೆಎಂಎಫ್ 1984ರಲ್ಲಿ.

ಎರಡು ಹಸುವಿನ ನನ್ನಂಥವನು ರಾಜಾಜಿನಗರ, ವಿಜಯನಗರದ ಮನೆ ಮನೆಗೆ ಹಾಲು ಕೊಡಲು ಹೊರಟರೆ, ಬಸ್ಸಿಗೇ ಅರ್ಧ ಹೋಯಿತು. ಹಬ್ಬಕ್ಕೆ ಗಿರಾಕಿ ಊರಿಗೆ ಹೋದರೆ ಹಸು ಆವತ್ತು ಹಾಲು ನಿಲ್ಲಿಸುತ್ತದೆಯೇ? ಅದೇ ಹಾಲು ಸಂಘದ ಮೂಲಕ ಹೋಗಿ ಪ್ಯಾಕೆಟ್ಟಾಗಿ ಅದೇ ಬೀದಿಗೆ ಬರುತ್ತದೆ.

ಸರಕಾರ 2008ರಲ್ಲಿ ಲೀಟರಿಗೆ 2 ರೂ. ಪ್ರೋತ್ಸಾಹಧನ ಕೊಡತೊಡಗಿತು, ಮುಂದೆ ಅದು 5 ರೂ. ಆಯಿತು. ಸಂಘಕ್ಕೆ ಹಾಲು ಹಾಕಿದವರಿಗೆ ಮಾತ್ರ ಇದು. ಹೊರದೇಶದ ಹಾಲಿನ ಪುಡಿ ಅಗ್ಗಕ್ಕೆ ಬರುತ್ತದೆಂಬ ಭಯದಿಂದ ಹಾಲಿನ ಸಹಕಾರಿಗಳು ಆರ್‌ಸಿಇಪಿ ಒಪ್ಪಂದ ಬೇಡವೆಂದವು. 2019ರ ನವೆಂಬರಿನಲ್ಲಿ ಭಾರತ ಅದರಿಂದ ಹೊರಗುಳಿಯಿತು. ಒಬ್ಬೊಬ್ಬರೇ ಕೂಗಿದರೆ ದಿಲ್ಲಿಗೆ ಕೇಳುತ್ತಿತ್ತೇ?

ಚೀಟಿ ನೋಡಿ

ಬಟವಾಡೆ ನಿಂತಿರುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕಬೇಕು. ಜಿಡ್ಡು ಮೇಲೆ ತೇಲುವುದರಿಂದ, ಕಲಕದೆ ತೆಗೆದರೆ ಲೆಕ್ಕ ತಪ್ಪುತ್ತದೆ. ಆಗತಾನೆ ಕರೆದ ಬಿಸಿ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಡಿಗ್ರಿ ಕಡಿಮೆ ತೋರಿಸುತ್ತದೆ, ನೀರು ಬೆರೆಸಿದಂತೆಯೇ. ಇದನ್ನು ತಿಳಿದವರು ಅಲ್ಲೇ ಕೇಳುತ್ತಾರೆ, ತಿಳಿಯದವರು ಮನೆಗೆ ಬಂದು ಗೊಣಗುತ್ತಾರೆ. ಕೊನೆಯ ಹನಿಗಳಲ್ಲೇ ಜಿಡ್ಡು ಹೆಚ್ಚು. ಕೆಚ್ಚಲು ಪೂರ್ತಿ ಕರೆಯಿರಿ.

ಮಹಾಸಭೆಗೆ ಹೋಗಿ

ಹತ್ತು ಹಸು ಇದ್ದವನಿಗೂ ಒಂದೇ ಮತ, ಒಂದು ಹಸು ಇದ್ದವಳಿಗೂ ಒಂದೇ ಮತ. ವರ್ಷದ ಲೆಕ್ಕ, ಲಾಭ, ಬೋನಸ್ ಎಲ್ಲ ಮಹಾಸಭೆಯಲ್ಲಿ ಮುಂದಿಡಬೇಕು. ಬರಿಯ ಕಾಫಿ–ತಿಂಡಿಗೆ ಹೋಗಿ ಸಹಿ ಹಾಕಿ ಬಂದರೆ ಸಾಲದು. ಹಿಂಡಿ ಮಾರಿದ್ದರಲ್ಲಿ ಎಷ್ಟು ಉಳಿಯಿತು, ಆಡಿಟ್‌ನಲ್ಲಿ ಏನು ಆಕ್ಷೇಪ ಬಂತು ಅಂತ ಎದ್ದು ಕೇಳಬೇಕು.

ನಮ್ಮ ಕಡೆಗೆ ಇದು ಇನ್ನೂ ಮುಖ್ಯ. ಬಸವೇಶ್ವರನಗರದ ಪಕ್ಕದ ಸಾಣೇಗುರುವನಹಳ್ಳಿಯೂ ಒಂದು ಕಾಲಕ್ಕೆ ಹಳ್ಳಿಯೇ. ಈಗ ಕೆಂಗೇರಿ ದಾಟಿ ಕೆಂಪೇಗೌಡ ಬಡಾವಣೆ ಬಂದಿದೆ. ಮೇಯುವ ಜಾಗ ಸೈಟಾದಂತೆ ಹಸು ಮಾರಿದವರು ಹೆಚ್ಚಾಗುತ್ತಿದ್ದಾರೆ, ಅವರ ಹೆಸರು ಮಾತ್ರ ಸದಸ್ಯರ ಪಟ್ಟಿಯಲ್ಲೇ ಇರುತ್ತದೆ. ಹಸು ಇಲ್ಲದವರು ಆಡಳಿತ ಮಂಡಳಿಯಲ್ಲಿ ಕೂತರೆ ಬೂಸಾ ಬೆಲೆಯ ಬಿಸಿ ಅವರಿಗೆ ತಟ್ಟೀತೇ? ಬೈಲಾದಲ್ಲಿ ಹೇಳಿದಷ್ಟು ದಿನ, ಅಷ್ಟು ಲೀಟರು ಹಾಲು ಹಾಕಿದವರಿಗೇ ಮತ. ಚುನಾವಣೆಗೆ ಮುಂಚೆ ಮತದಾರರ ಪಟ್ಟಿ ಕೇಳಿ ನೋಡಿ, ನಿಮ್ಮ ಹೆಸರು ಬಿಟ್ಟಿದ್ದರೆ ಕೂಡಲೇ ಬರೆದು ಕೊಡಿ. ಹಾಲು ಹೆಂಡತಿ ಹೆಸರಲ್ಲಿ ಹೋಗುತ್ತಿದ್ದರೆ ಸದಸ್ಯತ್ವವೂ ಅವರ ಹೆಸರಿಗೇ ಇರಲಿ.

ಹಾಲು ಹಾಕುವ ಹತ್ತು ಮನೆ ಒಟ್ಟಾದರೂ ಸಾಕು, ಲೆಕ್ಕ ಕೇಳುವವರಿದ್ದಾರೆ ಅಂತ ಡೈರಿಗೆ ಗೊತ್ತಾಗುತ್ತದೆ.