‘ಪಿ’ಯಲ್ಲಿ ಸಿಕ್ಕಿಬಿದ್ದ ಗೇರ್: ಜಗ್ಗುವ ಮುನ್ನ ತಿಳಿಯಿರಿ

ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದನ್ನು ನೋಡಲು ತೀರ್ಥಹಳ್ಳಿ ಕಡೆಯ ಅಡಿಕೆ ತೋಟವೊಂದಕ್ಕೆ ಹೋಗಿದ್ದೆ. ಆ ಮನೆಯ ಅಜ್ಜಿಗೆ ಇದ್ದಕ್ಕಿದ್ದಂತೆ ಎದೆನೋವು ಬಂತು. ಮಗ ಆಟೊಮ್ಯಾಟಿಕ್ ಕಾರಿನ ಕೀಲಿ ತಿರುಗಿಸಿದರು. ಇಂಜಿನ್ ಚಾಲೂ ಆಯಿತು, ಗೇರ್ ಮಾತ್ರ ‘ಪಿ’ ಬಿಟ್ಟು ಕದಲಲಿಲ್ಲ. ಜಗ್ಗಿದ ರಭಸಕ್ಕೆ ಗೇರ್ ಲಿವರಿನ ಗುಂಡಿಯೇ ಮುರಿಯಿತು. ಪುಣ್ಯಕ್ಕೆ ನೆರೆಮನೆಯ ಜೀಪು ಸಿಕ್ಕಿತು, ಅಜ್ಜಿ ಉಳಿದರು. ಮರುದಿನ ಮೆಕ್ಯಾನಿಕ್ ತೋರಿಸಿದ ದೋಷ, ಬ್ರೇಕ್ ಪೆಡಲಿನ ಸಣ್ಣದೊಂದು ಸ್ವಿಚ್ಚಿನದು. ಅದಕ್ಕೆ ಪರಿಹಾರ ಕಾರಿನಲ್ಲೇ ಇತ್ತು. ಮನೆಯವರಿಗೆ ಗೊತ್ತಿರಲಿಲ್ಲ, ಅಲ್ಲೇ ನಿಂತಿದ್ದ ನನಗೂ ಗೊತ್ತಿರಲಿಲ್ಲ. ಆದುದರಿಂದ ಈ ಲೇಖನ.

ಬಿಗಿಯುವುದೇಕೆ?

‘ಪಿ’ಯಲ್ಲಿಟ್ಟಾಗ ಗೇರ್ ಪೆಟ್ಟಿಗೆಯೊಳಗಿನ ಕೊಕ್ಕೆಯೊಂದು ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ಕಾರು ಉರುಳದಂತೆ ತಡೆಯುತ್ತದೆ. ಬ್ರೇಕ್ ತುಳಿಯದೆ ಯಾರೂ ಗೇರ್ ಬದಲಿಸದಿರಲೆಂದು ವಿದ್ಯುತ್ತಿನ ಬೀಗವೂ ಇರುತ್ತದೆ. ಹಿಂದಿನ ಬ್ರೇಕ್ ದೀಪ ಹೊತ್ತಿಸುವ ಸ್ವಿಚ್ಚೇ ಸಾಮಾನ್ಯವಾಗಿ ಈ ಬೀಗಕ್ಕೂ ಸೂಚನೆ ಕೊಡುತ್ತದೆ. 2014ರಲ್ಲಿ ಬಂದ ಮಾರುತಿ ಸೆಲೆರಿಯೊದಂಥ ಎ.ಎಂ.ಟಿ. ಕಾರುಗಳಲ್ಲಿ ‘ಪಿ’ ಇಲ್ಲ. ಅವಕ್ಕೆ ಈ ತೊಂದರೆಯೂ ಇಲ್ಲ.

ಮೊದಲು ನೋಡಬೇಕಾದದ್ದು

1. ಕೀಲಿ ‘ಆನ್’ ಇರಲಿ. ಬ್ರೇಕನ್ನು ಗಟ್ಟಿಯಾಗಿ ತುಳಿದು ಗೇರ್ ಸರಿಸಿ.

2. ಬದಿಯಲ್ಲಿ ಒಬ್ಬರು ನಿಂತು ಬ್ರೇಕ್ ದೀಪ ನೋಡಲಿ. ಹೊತ್ತದಿದ್ದರೆ ಫ್ಯೂಸ್ ಅಥವಾ ಸ್ವಿಚ್ ಕೆಟ್ಟಿರಬಹುದು. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು, ತಂತಿ ಸುತ್ತಕೂಡದು. ಎಲ್ಲ ದೀಪಗಳೂ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ.

3. ದೀಪ ಹೊತ್ತಿದರೂ ಗೇರ್ ಬಾರದೆ, ಕಾರು ಇಳಿಜಾರಿನಲ್ಲಿದ್ದರೆ, ಭಾರವೆಲ್ಲ ಕೊಕ್ಕೆಯ ಮೇಲೆ ಕೂತಿರಬಹುದು. ಎತ್ತಿನ ಗಾಡಿಯ ಗಾಲಿಗೆ ಕೊಟ್ಟ ಕಲ್ಲು ತೆಗೆಯಲು ಗಾಡಿಯನ್ನು ತುಸು ಮೇಲಕ್ಕೆ ಸರಿಸುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಕಾರಿನ ಕೊಂಡಿಗೆ ಹಗ್ಗ ಕಟ್ಟಿ, ಮೇಲ್ಗಡೆಯಿಂದ ಟ್ರ್ಯಾಕ್ಟರಿನಲ್ಲಿ ನಿಧಾನವಾಗಿ ಸ್ವಲ್ಪ ಎಳೆಸಿ, ಬ್ರೇಕ್ ತುಳಿದು ಗೇರ್ ಬಿಡಿಸಬೇಕು. ಇಳಿಜಾರಿನ ಕೆಳಗಡೆ ಯಾರೂ ನಿಲ್ಲಕೂಡದು.

ತುರ್ತು ಉಪಾಯ

ಅನೇಕ ಕಾರುಗಳಲ್ಲಿ ಗೇರ್ ಲಿವರಿನ ಪಕ್ಕ ಪುಟ್ಟ ಮುಚ್ಚಳವೊಂದಿರುತ್ತದೆ. ಮೊದಲು ಗಾಲಿಗಳಿಗೆ ಇಳಿಜಾರಿನ ಕಡೆಯಿಂದ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಚ್ಚಳ ತೆಗೆದು, ಕಾಲಿನ ಬ್ರೇಕ್ ತುಳಿದುಕೊಂಡೇ, ತೂತಿನೊಳಕ್ಕೆ ಸಣ್ಣ ಸ್ಕ್ರೂ ಡ್ರೈವರ್ ಒತ್ತಿ ಹಿಡಿದು ಗೇರನ್ನು ‘ಎನ್’ಗೆ ತನ್ನಿ. ನಂತರ ಇಂಜಿನ್ ಚಾಲೂ ಮಾಡಿ, ಕಲ್ಲು ತೆಗೆಸಿ ಹೊರಡಬಹುದು. ಬ್ರೇಕ್ ದೀಪ ಹೊತ್ತದಿದ್ದರೆ ಹಿಂದಿನವರಿಗೆ ನೀವು ನಿಲ್ಲಿಸುವುದು ತಿಳಿಯದು. ನಿಧಾನವಾಗಿ ಸಾಗಿ, ಆದಷ್ಟು ಬೇಗ ರಿಪೇರಿ ಮಾಡಿಸಿ. ಎಲ್ಲ ಕಾರುಗಳಲ್ಲೂ ಈ ಅನುಕೂಲ ಇಲ್ಲ. ನಿಮ್ಮದರಲ್ಲಿ ಎಲ್ಲಿದೆಯೆಂದು ಕೈಪಿಡಿಯಲ್ಲಿ ಈಗಲೇ ನೋಡಿಡಿ.

ಬಾರದಂತೆ ತಡೆ

ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ತುಳಿದು ‘ಎನ್’ಗೆ ತನ್ನಿ. ಹ್ಯಾಂಡ್‌ಬ್ರೇಕ್ ಎಳೆದು, ಕಾಲನ್ನು ಮೆಲ್ಲಗೆ ಸಡಿಲಿಸಿ ಭಾರ ಅದರ ಮೇಲೆ ಕೂರಲು ಬಿಡಿ. ಮತ್ತೆ ಬ್ರೇಕ್ ತುಳಿದು ‘ಪಿ’ಗೆ ಹಾಕಿ. ಹೊರಡುವಾಗ ಮೊದಲು ‘ಪಿ’ಯಿಂದ ಗೇರ್ ತೆಗೆದು, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿ.

ಪಂಪ್‌ಸೆಟ್ಟಿನ ಫ್ಯೂಸ್ ಎಲ್ಲಿದೆಯೆಂದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಕಾರಿನ ಈ ಪುಟ್ಟ ಮುಚ್ಚಳವೂ ಹಾಗೆಯೇ ಗೊತ್ತಿರಲಿ.