ತರಗತಿಯಲ್ಲಿ ಡಿಜಿಟಲ್ ಕಲಿಕೆ: ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲಾ ಶಿಕ್ಷಣವೂ ಒಂದು. ಆದುದರಿಂದ ತರಗತಿಯ ಪರದೆ, ಕಂಪ್ಯೂಟರುಗಳ ಸ್ಥಿತಿಗತಿಯು ಶಿಕ್ಷಣ ಇಲಾಖೆಗಷ್ಟೇ ಅಲ್ಲ, ಗ್ರಾಮ ಪಂಚಾಯಿತಿಗೂ ಸಂಬಂಧಿಸಿದ್ದು.

ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯೂಆರ್ ಕೋಡನ್ನು 2017ರಲ್ಲಿ ಆರಂಭವಾದ ‘ದೀಕ್ಷಾ’ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸ ಪ್ರಶ್ನೆಗಳು ದೊರೆಯುತ್ತವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡ ವಿಡಿಯೊಗೆ ಮತ್ತೆ ಇಂಟರ್‌ನೆಟ್ ಬೇಕಿಲ್ಲ. ಮನೆಯಲ್ಲಿ ತೆಲುಗು ಮಾತನಾಡುವ ಸಿರುಗುಪ್ಪ ಗಡಿಭಾಗದ ಮಕ್ಕಳು ಕನ್ನಡ ಪಾಠವನ್ನು ಮತ್ತೆ ಮತ್ತೆ ಆಲಿಸಬಹುದು. ಆದರೆ ವಿಡಿಯೊವನ್ನು ನಡುವೆ ನಿಲ್ಲಿಸಿ ಪ್ರಶ್ನಿಸುವ, ವಿವರಿಸುವ ಕಾರ್ಯ ಶಿಕ್ಷಕರದೇ.

ಬಳ್ಳಾರಿ ನಗರದಲ್ಲಿ ದುರಸ್ತಿಗಾರರು ಸಮೀಪದಲ್ಲೇ ದೊರೆಯುತ್ತಾರೆ. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಯುಪಿಎಸ್ ಬ್ಯಾಟರಿಯೊಂದು ಕೆಟ್ಟರೂ ಕಂಪ್ಯೂಟರ್ ಕೊಠಡಿಗೆ ಬೀಗ ಬೀಳಬಹುದು. ಬಿಸಿಲು, ಧೂಳು ಉಪಕರಣಗಳ ಬಾಳಿಕೆಯನ್ನು ಕುಗ್ಗಿಸುತ್ತವೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಗುವಿಗೆ ಶಾಲೆಯ ಪರದೆಯೊಂದೇ ಆಸರೆ. ಅದು ಕೆಟ್ಟು ನಿಂತರೆ ಹೆಚ್ಚಿನ ನಷ್ಟ ಆ ಮಗುವಿಗೇ.

ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಉಪಕರಣಗಳು ಎಷ್ಟಿವೆ ಎಂಬುದಕ್ಕಿಂತ, ಕಳೆದ ವಾರ ಎಷ್ಟು ತರಗತಿಗಳಲ್ಲಿ ಬಳಕೆಯಾದವು ಎಂಬುದನ್ನು ವಿಚಾರಿಸುವುದು ಸೂಕ್ತ. ವೈರಿಂಗ್, ಅರ್ಥಿಂಗ್, ಬ್ಯಾಟರಿ, ಕೊಠಡಿಯ ಭದ್ರತೆಯನ್ನು ಎಸ್‌ಡಿಎಂಸಿಯೊಂದಿಗೆ ಪರಿಶೀಲಿಸಿ, ಅಗತ್ಯ ದುರಸ್ತಿಯನ್ನು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಪ್ರಸ್ತಾಪಿಸಬೇಕು. ಶಾಲಾ ಅವಧಿಯ ನಂತರದ ಕಲಿಕೆಗೆ ಪಂಚಾಯಿತಿಯ ಅರಿವು ಕೇಂದ್ರವನ್ನು ಬಳಸಿಕೊಳ್ಳಬಹುದು. ಪರದೆ ನಿಜಕ್ಕೂ ಬಳಕೆಯಲ್ಲಿದೆಯೇ ಎಂಬುದನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳಿ ತಿಳಿಯಬೇಕು.