ಯಂತ್ರ ಒಂದು, ಕೈ ನೂರು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಮಾರು 14,000 ಚದರಡಿಯ ಒಂದು ಪ್ರಯೋಗಾಲಯವಿದೆ. ಅದು ಯಾವೊಬ್ಬ ಪ್ರಾಧ್ಯಾಪಕರ ಸ್ವತ್ತೂ ಅಲ್ಲ. ಭೌತವಿಜ್ಞಾನದವರು, ಎಲೆಕ್ಟ್ರಾನಿಕ್ಸ್‌ನವರು, ರಸಾಯನದವರು, ಹೊರಗಿನ ಕಾಲೇಜುಗಳವರು, ನವೋದ್ಯಮದವರು ಎಲ್ಲರೂ ಅಲ್ಲಿಗೆ ಸರದಿ ಪ್ರಕಾರ ಬಂದು ಕೆಲಸ ಮಾಡಿಕೊಂಡು ಹೋಗುತ್ತಾರೆ. ಹೆಸರು ರಾಷ್ಟ್ರೀಯ ನ್ಯಾನೊಫ್ಯಾಬ್ರಿಕೇಶನ್ ಕೇಂದ್ರ. ಕ್ಯಾಂಪಸ್ಸಿನವರು ‘ಸೆನ್ಸ್’ ಎಂದು ಕರೆಯುವ, 2010ರಲ್ಲಿ ರೂಪುಗೊಂಡ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಭಾಗವಿದು. ಸಿಲಿಕಾನ್ ಬಿಲ್ಲೆಗಳ ಮೇಲೆ ಕೂದಲಿಗಿಂತ ನೂರಾರು ಪಟ್ಟು ಸಣ್ಣ ರಚನೆಗಳನ್ನು ಕೊರೆಯುವುದು ಇಲ್ಲಿನ ಕೆಲಸ.

ಇಂಥ ಜಾಗಗಳು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಹೊಸ ಯಂತ್ರದ ಉದ್ಘಾಟನೆಯಾದಾಗ, ಇಲ್ಲವೇ ಯಾವುದೋ ಸಂಶೋಧನೆಗೆ ಹೆಸರು ಬಂದಾಗ. ಈ ಎರಡರ ನಡುವೆ ದಿನಾ ನಡೆಯುವ ಇನ್ನೊಂದು ಕೆಲಸವಿದೆ. ಯಾರಿಗೆ ಯಾವಾಗ ಸ್ಲಾಟ್, ಚಿಲ್ಲರ್ ನೀರು ತಣ್ಣಗಿದೆಯೇ, ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟುಳಿದಿದೆ, ನಿನ್ನೆ ರಾತ್ರಿ ಕೊನೆಗೆ ಯಂತ್ರ ಮುಟ್ಟಿದವರು ಯಾರು? ಇವನ್ನು ನೋಡಿಕೊಳ್ಳುವವರ ಹುದ್ದೆಗೆ ಒಂದೊಂದು ಕಡೆ ಒಂದೊಂದು ಹೆಸರು: ಫೆಸಿಲಿಟಿ ಮ್ಯಾನೇಜರ್, ತಾಂತ್ರಿಕ ಅಧಿಕಾರಿ, ಆಪರೇಟರ್. ವಿದ್ಯಾರ್ಥಿಗಳಿಗೆ ಮಾತ್ರ ಎಲ್ಲರೂ ‘ಸರ್’ ಅಥವಾ ‘ಮೇಡಂ’.

ಹಂಚಿಕೊಳ್ಳುವ ಅಗತ್ಯ

ಹಂಚಿಕೆಯ ಮೂಲ ಕಾರಣ ದುಡ್ಡು. ಒಳ್ಳೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬೆಲೆ ಕೋಟಿ ರೂಪಾಯಿ ದಾಟುತ್ತದೆ. ಪ್ರತಿ ವಿಭಾಗಕ್ಕೂ ಒಂದೊಂದು ಕೊಡಿಸುವ ಶಕ್ತಿ ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ. ಕೊಡಿಸಿದರೂ ದಿನವಿಡೀ ಅದಕ್ಕೆ ಕೆಲಸವಿರುವುದಿಲ್ಲ. ಹೀಗಾಗಿ 1970ರ ದಶಕದಲ್ಲೇ ಕೇಂದ್ರ ಸರ್ಕಾರ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ತೆರೆಯಿತು. ಮುಂದೆ ಅವುಗಳಿಗೆ ‘ಸೈಫ್’ ಎಂಬ ಹೆಸರು ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಂಥದೊಂದು ಕೇಂದ್ರವಿದೆ. ಮೈಸೂರಿನ ಮಾನಸಗಂಗೋತ್ರಿಯ ವಿಜ್ಞಾನ ಭವನದಲ್ಲೂ ಹಲವು ವಿಭಾಗಗಳವರು ಬಳಸುವ ಉಪಕರಣಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯ ನ್ಯಾನೊ ಸೌಲಭ್ಯಗಳನ್ನು ಬೇರೆ ಊರುಗಳ ಸಂಶೋಧಕರಿಗೆ ತೆರೆದಿಡುವ ‘ಐನಪ್’ ಯೋಜನೆ 2008ರಲ್ಲಿ ಆರಂಭವಾಯಿತು. ಕಾಲೇಜಿನಲ್ಲಿ ದೂಳು ತಡೆಯುವ ಕ್ಲೀನ್‌ರೂಮ್ ಕಂಡೇ ಇರದ ಅಧ್ಯಾಪಕರು ಇದರಡಿ ತರಬೇತಿ ಪಡೆದು, ತಮ್ಮ ಸಾಧನವನ್ನು ಈ ಸೌಲಭ್ಯಗಳಲ್ಲೇ ತಯಾರಿಸಿಕೊಳ್ಳಬಹುದು.

ಬೆಳಗಿನ ಸುತ್ತು

ಕ್ಲೀನ್‌ರೂಮಿನ ದಿನ ಆರಂಭವಾಗುವುದು ಹೊರಗೇ. ಕೊಠಡಿಯ ಉಷ್ಣತೆ, ತೇವಾಂಶ ನೋಡಬೇಕು. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು. ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ದೂಳು ಒಳನುಗ್ಗುತ್ತದೆ. ‘ಕ್ಲಾಸ್ 100’ ಎಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಹಾಗೂ ಅದಕ್ಕಿಂತ ದೊಡ್ಡ ಕಣಗಳು ನೂರನ್ನು ಮೀರಬಾರದು. ಸಾಮಾನ್ಯ ಕೊಠಡಿಯ ಗಾಳಿಯಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ. ಒಳಗೆ ಅತಿ ಹೆಚ್ಚು ಕೊಳೆ ಉದುರಿಸುವುದು ಮನುಷ್ಯನೇ. ಅದಕ್ಕಾಗಿ ತಲೆಯಿಂದ ಕಾಲಿನವರೆಗೆ ಮುಚ್ಚುವ ಬಿಳಿ ದಿರಿಸು, ಕೈಗವಸು, ಮುಖಗವಸು. ಮುಖದ ಪೌಡರ್ ನಿಷಿದ್ಧ. ಲಾಗ್‌ಬುಕ್ಕಿನ ಹಾಳೆಯೂ ಎಳೆ ಉದುರಿಸದ ವಿಶೇಷ ಕಾಗದದ್ದು, ಪೆನ್ಸಿಲ್ ಒಯ್ಯುವಂತಿಲ್ಲ.

ಆಮೇಲೆ ಗ್ಯಾಸ್. ಸಿಲಿಕಾನ್ ಪದರ ಬೆಳೆಸಲು ಬಳಸುವ ಸೈಲೇನ್ ಸೋರಿ ಗಾಳಿಗೆ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದರ ಸಿಲಿಂಡರ್ ಪ್ರತ್ಯೇಕ ಕಪಾಟಿನಲ್ಲಿರುತ್ತದೆ. ಪಕ್ಕದಲ್ಲೇ ಸೋರಿಕೆ ಪತ್ತೆ ಮಾಡುವ ಸಂವೇದಕ. ದ್ರವ ನೈಟ್ರೊಜನ್ ಬಳಸುವ ಕೊಠಡಿಯಲ್ಲಿ ಅಪಾಯದ ಬಗೆ ಬೇರೆ. ಮೈನಸ್ 196 ಡಿಗ್ರಿಯ ಆ ದ್ರವ ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆಮ್ಲಜನಕವನ್ನು ಮಾತ್ರ ಸದ್ದಿಲ್ಲದೆ ಹೊರದೂಡುತ್ತದೆ. ಆ ಕೊಠಡಿಗಳಲ್ಲಿ ಆಮ್ಲಜನಕದ ಮಟ್ಟ ಇಳಿದೊಡನೆ ಕಿರುಚುವ ಅಲಾರಂ ಬೇಕೇ ಬೇಕು.

ಕಣ್ಣಿಗೆ ಬೀಳದಷ್ಟು ಸಣ್ಣದಾದರೂ ತಪ್ಪಿಸಲಾಗದ ಇನ್ನೊಂದು ತಪಾಸಣೆ: ಆಸಿಡ್ ಬೆಂಚಿನ ಪಕ್ಕದ ಕ್ಯಾಲ್ಸಿಯಂ ಗ್ಲುಕೊನೇಟ್ ಮುಲಾಮಿನ ಅವಧಿ ಮುಗಿದಿದೆಯೇ? ಬಿಲ್ಲೆಯ ಮೇಲಿನ ಆಕ್ಸೈಡ್ ಕರಗಿಸಲು ಬಳಸುವ ಹೈಡ್ರೊಫ್ಲೋರಿಕ್ ಆಮ್ಲ ಗಾಜನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಪಾತ್ರೆಯಲ್ಲೇ ಇಡಬೇಕು. ದುರ್ಬಲ ದ್ರಾವಣ ಚರ್ಮಕ್ಕೆ ಬಿದ್ದರೆ ತಕ್ಷಣ ಉರಿಯದೆ ಗಂಟೆಗಳ ನಂತರ ನೋವು ಕಾಣಿಸಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಿರುತ್ತದೆ. ಆ ಮುಲಾಮು ಬೇಕಾಗುವುದು ಇದಕ್ಕೇ. ಆದ್ದರಿಂದ ಈ ಬೆಂಚಿನಲ್ಲಿ ಒಬ್ಬರೇ ಕೆಲಸ ಮಾಡುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ರಾತ್ರಿ ಹನ್ನೊಂದಕ್ಕೆ ‘ಐದೇ ನಿಮಿಷದ ಕೆಲಸ ಸರ್’ ಎಂದು ಯಾರೆಷ್ಟು ಗೋಗರೆದರೂ ಈ ನಿಯಮ ಸಡಿಲವಾಗಬಾರದು.

ಒಬ್ಬರ ಚಿನ್ನ, ಇನ್ನೊಬ್ಬರ ಕೊಳೆ

ಸ್ವಂತ ಪ್ರಯೋಗಾಲಯದಲ್ಲಿ ಎಡವಟ್ಟಾದರೆ ನಷ್ಟ ತನಗೆ. ಹಂಚಿಕೊಂಡ ಜಾಗದಲ್ಲಿ ಹಾಗಲ್ಲ. ಒಬ್ಬ ವಿದ್ಯಾರ್ಥಿ ತನ್ನ ಬಿಲ್ಲೆಗೆ ಚಿನ್ನದ ಲೇಪ ಹಾಕುತ್ತಾನೆ ಎನ್ನಿ. ಅವನಿಗದು ವಿದ್ಯುತ್ ಹರಿಯುವ ದಾರಿ. ಅದೇ ಬಿಲ್ಲೆಯನ್ನು ಟ್ರಾನ್ಸಿಸ್ಟರ್ ತಯಾರಿಸುವವರ ಕುಲುಮೆಗೆ ಹಾಕಿದರೆ, ಆ ಬಿಸಿಯಲ್ಲಿ ಚಿನ್ನದ ಪರಮಾಣುಗಳು ಕುಲುಮೆಗೆ ಅಂಟಿ ಮುಂದೆ ಬರುವ ಸಿಲಿಕಾನಿನೊಳಗೂ ಸೇರಿಕೊಳ್ಳಬಹುದು. ಅಲ್ಲಿ ಓಡಾಡುವ ಎಲೆಕ್ಟ್ರಾನುಗಳನ್ನು ಹಿಡಿದುಹಾಕುತ್ತವೆ. ಬೆರಳಿನ ಬೆವರಿನ ಸೋಡಿಯಂ ಕೂಡ ಹೀಗೆಯೇ ಆಕ್ಸೈಡ್ ಪದರದೊಳಗೆ ಅಲೆದು ಟ್ರಾನ್ಸಿಸ್ಟರಿನ ನಡವಳಿಕೆ ಕೆಡಿಸುತ್ತದೆ. ಅದಕ್ಕೇ ಶುದ್ಧ ಬಿಲ್ಲೆಗೊಂದು ಚಿಮಟ, ಲೋಹ ತಾಗಿದ ಬಿಲ್ಲೆಗೊಂದು ಚಿಮಟ. ಎರಡೂ ಅದಲುಬದಲಾದರೆ ಬರಿಗಣ್ಣಿಗೆ ಏನೂ ಕಾಣಿಸುವುದಿಲ್ಲ. ಕೆಲವು ವಾರಗಳ ನಂತರ ಮೂರನೆಯವರೊಬ್ಬರ ಪ್ರಯೋಗ ಕಾರಣ ತಿಳಿಯದೆ ಕೈಕೊಡುತ್ತದೆ.

ಸೂಕ್ಷ್ಮದರ್ಶಕದ ಕೊಠಡಿಯಲ್ಲೂ ಇದೇ ಕಥೆ. ಸ್ಯಾಂಪಲ್ ಫಾರ್ಮಿನಲ್ಲಿ ಕೆಲವು ಪ್ರಶ್ನೆಗಳಿರುತ್ತವೆ: ಒದ್ದೆಯೇ? ಪುಡಿಯೇ? ಕಾಂತೀಯವೇ? ಅವಸರದಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ಬರೆದುಕೊಡುವವರಿದ್ದಾರೆ. ಕಾರ್ಬನ್ ಟೇಪಿಗೆ ಸರಿಯಾಗಿ ಅಂಟದ ಕಾಂತೀಯ ಪುಡಿ, ಮಸೂರದ ಕಾಂತಕ್ಷೇತ್ರಕ್ಕೆ ಸಿಕ್ಕಿ ಮೇಲಕ್ಕೆ ಹಾರಿ ಅಂಟಿಕೊಂಡರೆ ಚಿತ್ರಗಳು ಮಸುಕಾಗುತ್ತವೆ. ಶುಚಿಗೊಳಿಸಲು ಕಂಪನಿಯ ಎಂಜಿನಿಯರ್ ಬರಬೇಕು. ಅವರು ಬರುವವರೆಗೆ ಬುಕ್ ಆಗಿದ್ದ ಸ್ಲಾಟುಗಳೆಲ್ಲ ರದ್ದು.

ಈ ಕಾರಣಕ್ಕೇ ಇಲ್ಲಿ ಯಂತ್ರ ಮುಟ್ಟುವ ಹಕ್ಕನ್ನು ಗಳಿಸಿಕೊಳ್ಳಬೇಕು. ಮೊದಲು ಸುರಕ್ಷತಾ ತರಬೇತಿ, ಆಮೇಲೆ ಯಂತ್ರದ ತರಬೇತಿ, ನಂತರ ಮೇಲ್ವಿಚಾರಣೆಯಲ್ಲಿ ಅಭ್ಯಾಸ, ಕೊನೆಗೆ ಸ್ವತಂತ್ರ ಅನುಮತಿ. ಲಾಗ್‌ಬುಕ್ಕಿನಲ್ಲಿ ಹೆಸರು, ಸಮಯ, ಬಳಸಿದ ವಸ್ತು, ಕಂಡ ದೋಷ ಬರೆಯದೆ ಹೊರಡುವಂತಿಲ್ಲ. ದೋಷ ಬರೆದವರನ್ನು ಗದರುವ ಲ್ಯಾಬಿನಲ್ಲಿ ಮರುದಿನದಿಂದ ಯಾರೂ ದೋಷ ಬರೆಯುವುದಿಲ್ಲ. ಅನುಭವಿ ಮ್ಯಾನೇಜರುಗಳಿಗೆ ಇದು ಚೆನ್ನಾಗಿ ಗೊತ್ತು: ಮುರಿದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ದಂಡ.

ಸ್ಲಾಟಿನ ರಾಜಕೀಯ

ಯಂತ್ರಕ್ಕಿಂತ ಸೂಕ್ಷ್ಮವಾದದ್ದು ವೇಳಾಪಟ್ಟಿ. ಥೀಸಿಸ್ ಸಲ್ಲಿಸುವ ಹೊತ್ತಿನವರಿಗೆ ಆತುರ, ಹೊಸಬರಿಗೆ ಕಲಿಯುವ ಆಸೆ, ದೂರದ ಊರಿನಿಂದ ಬಂದವರಿಗೆ ಸಂಜೆಯ ರೈಲು. ನಾಲ್ಕು ಗಂಟೆ ಹಿಡಿದಿಟ್ಟು ಬಾರದೇ ಇರುವವರೂ ಇದ್ದಾರೆ. ಆನ್‌ಲೈನ್ ಬುಕಿಂಗ್, ವಾರಕ್ಕೆ ಇಷ್ಟೇ ಗಂಟೆ ಎಂಬ ಮಿತಿ, ಬಾರದಿದ್ದರೂ ಶುಲ್ಕ – ಇವೆಲ್ಲ ಜಗಳ ತಪ್ಪಿಸುವ ಉಪಾಯಗಳು. ಶುಲ್ಕದಲ್ಲೂ ಹಂತಗಳಿವೆ: ಸಂಸ್ಥೆಯವರಿಗೆ ಕಡಿಮೆ, ಹೊರಗಿನ ಶಿಕ್ಷಣ ಸಂಸ್ಥೆಗಳಿಗೆ ಸ್ವಲ್ಪ ಹೆಚ್ಚು, ಕಂಪನಿಗಳಿಗೆ ಇನ್ನೂ ಹೆಚ್ಚು. ಹಿರಿಯ ಪ್ರಾಧ್ಯಾಪಕರ ಫೋನಿಗೂ ಮೊದಲ ವರ್ಷದ ವಿದ್ಯಾರ್ಥಿಯ ಇಮೇಲಿಗೂ ಒಂದೇ ಉತ್ತರ ಹೋದರೆ ಮಾತ್ರ ಈ ವ್ಯವಸ್ಥೆ ಉಳಿಯುತ್ತದೆ.

ಕೊಂಡ ಮೇಲೆ

ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ. ನಡೆಸಲು ಸಿಗುವುದು ಕಷ್ಟ. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ (ಎಎಂಸಿ) ಪ್ರತಿವರ್ಷ ದೊಡ್ಡ ಮೊತ್ತ ಬೇಕು. ಆಮದು ಬಿಡಿಭಾಗವಾದರೆ ಕೊಟೇಶನ್, ಅನುಮೋದನೆ, ಕಸ್ಟಮ್ಸ್ ಎಂದು ತಿಂಗಳುಗಳೇ ಉರುಳುತ್ತವೆ. ಇದಕ್ಕಿಂತ ದೊಡ್ಡ ಕೊರತೆ ಜನರದು. ಪಿಎಚ್‌ಡಿ ವಿದ್ಯಾರ್ಥಿಗಳು ಐದಾರು ವರ್ಷಕ್ಕೆ ಹೊರಟುಬಿಡುತ್ತಾರೆ. ಯಾವ ಪಂಪು ಯಾವ ಸದ್ದು ಮಾಡಿದರೆ ಎಣ್ಣೆ ಬದಲಿಸಬೇಕು ಎಂಬ ತಿಳಿವಳಿಕೆ ಉಳಿಯುವುದು ತಾಂತ್ರಿಕ ಸಿಬ್ಬಂದಿಯಲ್ಲಿ. ಅವರಲ್ಲಿ ಬಹಳಷ್ಟು ಜನ ಪ್ರಾಜೆಕ್ಟ್ ಗುತ್ತಿಗೆಯ ಮೇಲಿರುವವರು. ಒಳ್ಳೆಯ ಸಂಬಳ ಕಂಡು ಅವರು ಕಂಪನಿ ಸೇರಿದ ದಿನ ಆ ತಿಳಿವಳಿಕೆಯೂ ಲ್ಯಾಬಿನಿಂದ ಹೊರಹೋಗುತ್ತದೆ. ಸಂಶೋಧನಾ ಪ್ರಬಂಧದ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಬಿಟ್ಟರೆ ಇವರ ಹೆಸರು ಎಲ್ಲೂ ದಾಖಲಾಗುವುದಿಲ್ಲ.

ಸರ್ಕಾರದ ಗಮನ ಇತ್ತ ಹರಿದಿಲ್ಲವೆಂದಲ್ಲ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ ಕಾದಿರಿಸಲು ‘ಐ-ಸ್ಟೆಮ್’ ಪೋರ್ಟಲ್ 2020ರಲ್ಲಿ ಬಂತು. ಅದರ ನೆಲೆಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ. ಉಪಕರಣಗಳ ಹಂಚಿಕೆ ಮತ್ತು ನಿರ್ವಹಣೆಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ‘ಶ್ರೀಮಾನ್’ ಮಾರ್ಗಸೂಚಿ ಹೊರಡಿಸಿತು. ಗದಗಿನದೋ ಚಾಮರಾಜನಗರದದೋ ಕಾಲೇಜಿನ ಅಧ್ಯಾಪಕಿಯೊಬ್ಬರು ಮೊಬೈಲಿನಲ್ಲೇ ದೂರದ ಉಪಕರಣ ಹುಡುಕಬಹುದಾದ ಕಾಲ ಇದು. ಆದರೆ ಅವರು ಸ್ಯಾಂಪಲ್ ಹಿಡಿದು ಬಂದ ದಿನ ಯಂತ್ರ ಚಾಲೂ ಇರಬೇಕು, ನಡೆಸಲು ಬಲ್ಲವರು ಅಲ್ಲಿರಬೇಕು. ಹಾಗಾಗಿ ಉಪಕರಣದ ಟೆಂಡರ್ ಕರೆಯುವಾಗಲೇ ವಿಶ್ವವಿದ್ಯಾಲಯಗಳು ಉತ್ತರಿಸಬೇಕಾದ ಪ್ರಶ್ನೆ ಒಂದಿದೆ: ಹತ್ತು ವರ್ಷ ಇದನ್ನು ನೋಡಿಕೊಳ್ಳುವವರು ಯಾರು, ಅವರ ಸಂಬಳ ಯಾವ ಖಾತೆಯಿಂದ? ಇದಕ್ಕೆ ಉತ್ತರ ಬರೆದಿಡದ ಪ್ರಸ್ತಾವಕ್ಕೆ ಸಹಿ ಬೀಳದಿರುವುದೇ ಒಳ್ಳೆಯದು.